ಬಿದಿರುಮೆಳೆಗೆ ಬಿದ್ದ ವಿಮಾನ, ಮುತ್ತತ್ತಿರಾಯನ ಕೃಪೆ

ಮೂವತ್ತೇಳನೇ ಇಸವಿಯ ಕಾರ್ತಿಕ ಮಾಸದಲ್ಲಿ ನಮ್ಮ ಯಜಮಾನರು ಹೋಗಿದ್ದ ಸಣ್ಣ ವಿಮಾನ ಮುತ್ತತ್ತಿ ಬೆಟ್ಟಗಳ ಕಡೆ ಕಾಣೆಯಾಯಿತು. ಅವರದು ನಕ್ಷೆ ಬರೆಯುವ ಕೆಲಸ. ಕಾಡನ್ನು ಮೇಲಿನಿಂದ ನೋಡಿ ಬರಲು ಬೆಂಗಳೂರಿನಿಂದ ಒಬ್ಬ ಯುವಕ ಪೈಲಟ್ ಜೊತೆ ಹೊರಟಿದ್ದರು. ಬೆಟ್ಟಕ್ಕೆ ಮೋಡ ಕವಿದಿತ್ತಂತೆ. ವಿಮಾನ ಹಿಂದಿರುಗಲಿಲ್ಲವೆಂದು ಕಚೇರಿಯವರು ಮಳವಳ್ಳಿಯ ನಮ್ಮ ಮನೆಗೆ ಬಂದು ತಿಳಿಸಿದರು.

ಹುಡುಕಲು ಹೋದವರು ಬರಿಗೈಯಲ್ಲಿ ಬಂದರು. ಬೀದಿಯ ಹೆಂಗಸರು ನನ್ನ ಬಳೆಗಳನ್ನೇ ನೋಡುತ್ತಾ ಕೂತರು. ನಮ್ಮತ್ತೆ ನನ್ನ ಎರಡೂ ಕೈಗಳನ್ನು ತಮ್ಮ ಸೆರಗಿನೊಳಗೆ ಮುಚ್ಚಿಕೊಂಡು, “ಎದ್ದೋಗ್ರವ್ವ. ನನ್ ಮಗ ಎಲ್ಲೋ ಅವ್ನೆ. ಮುತ್ತತ್ತಿರಾಯ ಇನ್ನೂ ಕೈ ಬುಟ್ಟಿಲ್ಲ” ಎಂದರು.

ಆ ಧೈರ್ಯ ನನಗಿರಲಿಲ್ಲ. ಯಜಮಾನರನ್ನು ಬದುಕಿಸು ಎನ್ನಲೂ ಬಾಯಿ ಬರಲಿಲ್ಲ. ಸಣ್ಣ ಜ್ವರ ಬಂದರೂ ಯಾರಾದರೂ ಪಕ್ಕದಲ್ಲಿರಬೇಕು ಎನ್ನುವ ಮನುಷ್ಯ ಅವರು. “ಮುತ್ತತ್ತಿರಾಯ, ಆಂಜನೇಯಸ್ವಾಮಿ, ಅವರು ಒಬ್ಬರೇ ಇರದ ಹಾಗೆ ನೋಡಿಕೋ. ಯಾರನ್ನಾದರೂ ಪಕ್ಕದಲ್ಲಿ ಕೂರಿಸು” ಎಂದು ಮನಸ್ಸಿನಲ್ಲೇ ಬೇಡಿದೆ.

ಒಂದು ಮಧ್ಯಾಹ್ನ ಹಲಗೂರಿನ ಕಡೆಯಿಂದ ಬಂದ ಬಸ್ಸು ನಮ್ಮ ಬಾಗಿಲಲ್ಲೇ ನಿಂತಿತು. ಡ್ರೈವರು ಇಳಿದು ಬಂದ. “ಅಮ್ಮಾವ್ರೇ, ನಿಮ್ ಯಜಮಾನ್ರು ನಮ್ ಬಸ್ಸಲ್ಲವ್ರೆ. ಜೀವ ಅದೆ. ಮಂಡ್ಯದ ಆಸ್ಪತ್ರೆಗೆ ಓಯ್ತಾ ಇವ್ನಿ, ಬಿರ್ರನೆ ಅತ್ತಿ.”

ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಮಲಗಿದ್ದರು. ಕಾಲಿಗೆ ಬಿದಿರಿನ ದಬ್ಬೆ ಕಟ್ಟಿತ್ತು. ತಲೆ ಒಬ್ಬ ಮುದುಕಿಯ ತೊಡೆಯ ಮೇಲಿತ್ತು. ಕಾಡಿನಲ್ಲಿ ದನ ಮೇಯಿಸುವ ಕೆಂಪಮ್ಮ ಅವಳು. ತಪ್ಪಿಸಿಕೊಂಡ ಹಸುವನ್ನು ಹುಡುಕುತ್ತಾ ಹೋದಾಗ ಬಿದಿರುಮೆಳೆಯಲ್ಲಿ ಸಿಕ್ಕಿಕೊಂಡ ವಿಮಾನ ಕಂಡಿತಂತೆ. ಮಳೆಗೆ ಹಳ್ಳ ತುಂಬಿ, ಹೊತ್ತು ತರುವ ಜನ ದಾಟಿ ಬರುವುದು ತಡವಾಯಿತು. ಅಲ್ಲಿಯವರೆಗೂ ಮಗಳು ದೊಡ್ಡಿಯಿಂದ ತಂದ ಹಾಲು ಕುಡಿಸುತ್ತಾ ಅವಳು ಪಕ್ಕದಲ್ಲೇ ಇದ್ದಳು.

“ಭಯ ಆಗಲಿಲ್ಲವಾ ತಾಯಿ?” ಎಂದೆ.

“ಆಯ್ತು ಕಣವ್ವ. ಆನೆ ತಿರ್ಗೋ ಜಾಗ. ಓಗ್ಬುಡವಾ ಅಂತ ಎದ್ದೆ. ಯಾರೋ ಭುಜ ಅಮುಕಿ ಕೂರ್ಸದಂಗಾಯ್ತು. ತಿರುಗಿ ನೋಡುದ್ರೆ ಯಾರೂ ಇಲ್ಲ. ಕೂತ್ಕಬುಟ್ಟೆ.”

ನಾನು ಬೇಡಿಕೊಂಡಿದ್ದನ್ನು ಅತ್ತೆಗೂ ಹೇಳಿರಲಿಲ್ಲ.

ಯಜಮಾನರ ಕಾಲು ಉಳಿಯಿತು. ಸ್ವಲ್ಪ ಕುಂಟುತ್ತಾರೆ, ಅಷ್ಟೆ. ಆ ಪೈಲಟ್ ಮಾತ್ರ ಬಿದ್ದ ದಿನವೇ ತೀರಿಕೊಂಡಿದ್ದರು. ಅವರ ತಾಯಿಯೂ ಯಾವುದೋ ದೇವರ ಮುಂದೆ ಕೈ ಮುಗಿದಿರುತ್ತಾರೆ. ಕೆಂಪಮ್ಮ ಆ ಹುಡುಗನ ಕಣ್ಣು ಮುಚ್ಚಿಸಿ, ಸೀರೆಯ ತುಂಡು ಹರಿದು ಮುಖಕ್ಕೆ ಹೊದಿಸಿದ್ದಳು. ಆಮೇಲೆ ಅವಳನ್ನು ಕರೆದುಕೊಂಡು ಹೋಗಿ ಆ ತಾಯಿಗೆ ಹೇಳಿಸಿದೆವು. ಅವರು ಕೆಂಪಮ್ಮನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಈಗ ಶನಿವಾರ ದೀಪ ಹಚ್ಚಿ ಕೂತಾಗ ನಾನು ಏನನ್ನೂ ಕೇಳುವುದಿಲ್ಲ. ಆ ಕಾಡಿನಲ್ಲಿ ಸ್ವಾಮಿ ಇದ್ದ. ಅಷ್ಟು ತಿಳಿದ ಮೇಲೆ ಅಡ್ಡಬೀಳುವುದೊಂದೇ ನನಗೆ ಉಳಿದಿರುವುದು.