ಸೇತುವೆಯಿಂದ ನಾನೇ ಹೊರಳಿಸಿ ತಂದ ಹೆಂಗಸು

ಫ್ರಾನ್ಸಿನ ಜನ ಮೂರು ಹೊತ್ತೂ ಶರಬತ್ತು ಕುಡಿಯುತ್ತಾರೆಂದು ನಂಬಿರುವವರು ಈ ಲೋಕದಲ್ಲಿ ಒಬ್ಬರೇ. ಅವರು ನಮ್ಮ ಅತ್ತೆ. ತಪ್ಪು ಅವರದಲ್ಲ, ನನ್ನದು. ಇಂಗ್ಲಿಷ್ ಪುಸ್ತಕದಲ್ಲಿ ವೈನ್ ಎಂದಿದ್ದಲ್ಲೆಲ್ಲ ನಾನು ಶರಬತ್ತು ಎಂದು ಹೇಳುತ್ತ ಹೋದೆ. ಹಣೆಗೆ ವಿಭೂತಿ ಇಲ್ಲದೆ ನೀರೂ ಕುಡಿಯದ ಮನೆಯಲ್ಲಿ ಇನ್ನೇನು ಹೇಳಲಿ?

"ಅಷ್ಟು ಶರಬತ್ ಕುಡದ್ರ ಅವ್ರಿಗೆ ಸಕ್ಕರಿ ಕಾಯಿಲಿ ಬರಂಗಿಲ್ಲೇನು?" ಎಂದು ಅತ್ತೆ ಒಮ್ಮೆ ಕೇಳಿದ್ದರು.

"ತಂಪ ದೇಶ ಅಲ್ರೀ ಅತ್ತೀ, ಎಲ್ಲಾ ಕರಗಿ ಹೋಗ್ತದ" ಎಂದಿದ್ದೆ. ಒಂದು ಸುಳ್ಳಿಗೆ ಇನ್ನೊಂದನ್ನು ಜೋಡಿಸುವುದು ಎಷ್ಟು ಸಲೀಸೆಂದು ಆಗ ಖುಷಿಯೂ ಆಗಿತ್ತು.

ನನ್ನ ತವರು ಮಾನ್ವಿ. ರಾಯಚೂರಿನಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ಒಂದು ಪತ್ರಿಕೆ ಪೂರ್ತಿ ಹಳೆಯ ಫ್ರೆಂಚ್ ಕಾದಂಬರಿಗಳದೇ ಇತ್ತು. ನಮ್ಮ ಮೇಷ್ಟ್ರಿಗೂ ಫ್ರೆಂಚ್ ಬರುತ್ತಿರಲಿಲ್ಲ, ನಮಗೂ ಬರುತ್ತಿರಲಿಲ್ಲ. ಎಂದೋ ಯಾರೋ ಇಂಗ್ಲಿಷಿಗೆ ತಿರುಗಿಸಿಟ್ಟಿದ್ದನ್ನು ಕಣ್ಣುಮುಚ್ಚಿ ನಂಬಿ ಓದಿದೆವು. ಹೇಳಿದವರು ನಿಜವನ್ನೇ ಹೇಳಿದ್ದಾರೋ ಇಲ್ಲವೋ ಎಂಬ ಅನುಮಾನ ಯಾರಿಗೂ ಬರಲಿಲ್ಲ. ನಾನು ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡ ಪ್ರತಿಗೆ ರಟ್ಟೂ ಇರಲಿಲ್ಲ, ಮೊದಲ ಹಾಳೆಗಳೂ ಇರಲಿಲ್ಲ. ಮದುವೆಯಾಗಿ ಬರುವಾಗ ಸೀರೆಗಳ ನಡುವೆ ಇಟ್ಟು ಅದನ್ನು ತಂದೆ.

ಬಂದದ್ದು ರಾಯಚೂರಿನದೇ ಒಂದು ರೈಸ್ ಮಿಲ್ಲಿನ ಮನೆಗೆ. ಮಿಲ್ಲು ಹಿಂದೆ, ಮನೆ ಮುಂದೆ, ನಡುವೆ ಒಂದು ಗೋಡೆ. ಯಂತ್ರದ ಸದ್ದು ಊಟದ ತಟ್ಟೆಯಲ್ಲೂ ನಡುಗುತ್ತಿತ್ತು. ಹೊರಗೆ ಹೋಗಬೇಡ ಎಂದು ನನಗೆ ಯಾರೂ ಹೇಳಲಿಲ್ಲ. ಆದರೆ ಹೋಗಲು ಒಂದು ಕಾರಣ ಬೇಕಲ್ಲ, ಕಾರಣಗಳೆಲ್ಲ ಮನೆಗೇ ಬರುತ್ತಿದ್ದವು. ಕಾಯಿಪಲ್ಲೆಯವಳು ಬಾಗಿಲಿಗೆ, ಬಳೆಗಾರ ಬಾಗಿಲಿಗೆ, ಜಂಪರು ಹೊಲಿಯುವವನೂ ಬಾಗಿಲಿಗೆ. ತಿಂಗಳುಗಟ್ಟಲೆ ನನ್ನ ಚಪ್ಪಲಿಗೆ ಮಣ್ಣು ಹತ್ತಲಿಲ್ಲ. ಅದನ್ನು ನೋಡಿ ಒಂದು ದಿನ ಸುಮ್ಮನೆ ಅತ್ತುಬಿಟ್ಟೆ.

ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ನಾನು ಕಂಬಕ್ಕೆ ಒರಗಿ ಆ ಪುಸ್ತಕ ಓದುತ್ತಿದ್ದೆ.

"ಏನ್ ಓದಾಕತ್ತೀದಿ ಬೇ? ಒಬ್ಬಾಕಿನ ನಗ್ತೀದಿ. ನಮಗೂ ಹೇಳು."

ಹೀಗೆ ಶುರುವಾಯಿತು. ಹೊಳೆಯ ದಂಡೆಯ ಒಂದು ಸಣ್ಣ ಊರು. ನೀರಿನಿಂದ ತಿರುಗುವ ಗೋಧಿಯ ಗಿರಣಿ. ಗಿರಣಿಯ ಯಜಮಾನನ ಹೆಂಡತಿ ದಿನಾ ಕಿಟಕಿಯಿಂದ ಸೇತುವೆ ನೋಡುತ್ತ ನಿಲ್ಲುತ್ತಾಳೆ. ಗಿರಣಿ ಮನೆ ಎಂದ ಕೂಡಲೇ ಅತ್ತೆ ಬೀಗರ ಮನೆಯ ಸುದ್ದಿ ಬಂದವರಂತೆ ನೆಟ್ಟಗೆ ಕೂತರು. "ಆ ಬ್ರಿಜ್ಜು ನಮ್ಮ ಕೃಷ್ಣಾ ಬ್ರಿಜ್ಜಿನಷ್ಟು ಉದ್ದ ಇತ್ತೇನು?" ಎಂದರು. ಅಷ್ಟೇ ಇತ್ತು ಎಂದೆ. ಪಾದ್ರಿಯನ್ನು ಅಯ್ಯನವರನ್ನಾಗಿ ಮಾಡಿದೆ, ಬ್ರೆಡ್ಡನ್ನು ರೊಟ್ಟಿ ಮಾಡಿದೆ. ತೊಡಕಾದದ್ದು ಕಾಲುವೆ ಅಳೆಯಲು ಬರುವ ಆ ಸರ್ವೆಯವನಿಂದ. ಅವನು ಆಕೆಗೆ ಓದಲು ಪುಸ್ತಕ ತಂದುಕೊಡುತ್ತಾನೆ, ಬಾಗಿಲಲ್ಲಿ ನಿಂತು ಮಾತಾಡುತ್ತಾನೆ, ಆಕೆಯ ಕೈ ಹಿಡಿಯುತ್ತಾನೆ. ನಾನು ಹೆಚ್ಚು ಯೋಚನೆ ಮಾಡದೆ ಅವನನ್ನು ಆಕೆಯ ಅಣ್ಣನನ್ನಾಗಿ ಮಾಡಿಬಿಟ್ಟೆ.

"ಎಂಥಾ ಅಣ್ಣ ನೋಡವ್ವಾ! ವಾರಕ್ಕ ಮೂರು ಸಲ ಬರ್ತಾನ. ನಿಮ್ಮಣ್ಣ ಅದಾನ, ಮಾನ್ವಿ ಇಲ್ಲೇ ಅದ, ಪಂಚಮಿಗರ ಕರಿಯಾಕ ಬಂದಾನೇನು?"

ನನಗೆ ಚುರುಕ್ಕೆಂದಿತು. ನಾಗರಪಂಚಮಿಗೆ ತಂಗಿಯನ್ನು ತವರಿಗೆ ಕರೆದೊಯ್ಯಲು ನನ್ನ ಅಣ್ಣ ನಿಜಕ್ಕೂ ಬಂದಿರಲಿಲ್ಲ.

ಕಥೆ ಆ ಹೆಂಗಸು ಮನೆ ಬಿಡುವಲ್ಲಿಗೆ ಬಂತು. ಒಂದು ಬೆಳಿಗ್ಗೆ ಆಕೆ ಬಾಗಿಲು ಎಳೆದುಕೊಂಡು ಸೇತುವೆ ಹತ್ತುತ್ತಾಳೆ, ದಾಟುತ್ತಾಳೆ, ಮತ್ತೆ ಬರುವುದಿಲ್ಲ. ಎಂ.ಎ. ಓದುವಾಗ ಆ ಪುಟ ಎಷ್ಟು ಸಲ ಓದಿದ್ದೆನೆಂದರೆ ಪುಸ್ತಕ ತಾನಾಗಿಯೇ ಅಲ್ಲಿ ತೆರೆದುಕೊಳ್ಳುತ್ತಿತ್ತು. ಆಕೆಯನ್ನು ಸೇತುವೆಯ ನಡುಮಧ್ಯಕ್ಕೆ ತಂದಿದ್ದೆ, ಅಷ್ಟರಲ್ಲಿ ಮಾವನವರು ಮಿಲ್ಲಿನಿಂದ ಬಂದು ನೀರು ಕೇಳಿದರು. ಕುಡಿದು ಹೋಗಲಿಲ್ಲ. ಟವೆಲ್ಲಿನಿಂದ ತೌಡಿನ ಧೂಳು ಕೊಡವಿಕೊಂಡು "ಹೂಂ, ಮುಂದ?" ಎಂದು ಕೂತೇಬಿಟ್ಟರು.

ನನಗೆ ಧೈರ್ಯ ಸಾಲಲಿಲ್ಲ. ಆಕೆಗೆ ಅತ್ತೆ, ಮಾವ, ಒಲೆಯ ಮೇಲಿಟ್ಟ ಹಾಲು ಎಲ್ಲ ನೆನಪಾಗುವಂತೆ ಮಾಡಿದೆ. ಸೇತುವೆಯಿಂದ ಹೊರಳಿಸಿ ಮನೆಗೆ ಕರೆತಂದೆ.

"ಭೇಷ್! ಹೆಣಮಗಳಂದ್ರ ಹಿಂಗಿರಬೇಕು" ಎಂದು ಮಾವ ಎದ್ದು ಹೋದರು. ಅಂದಿನಿಂದ ಆ ಹೆಂಗಸು ನಮ್ಮ ಮನೆಯಲ್ಲಿ ಎಲ್ಲರಿಗೂ ಮಾದರಿಯಾದಳು. ನೆಂಟರು ಬಂದರೆ ಅವಳ ಸುದ್ದಿ, ಯಾರದೋ ಮಗಳು ಗಂಡನೊಡನೆ ಜಗಳವಾಡಿ ತವರಿಗೆ ಬಂದರೆ ಅವಳ ಸುದ್ದಿ. ಅತ್ತೆ ಆ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಕೇಳಿ ಒಳಗೊಳಗೇ ನಗುತ್ತಿದ್ದೆ.

ನಗು ನಿಂತದ್ದು ದೇವದುರ್ಗದಿಂದ ಫೋನು ಬಂದ ದಿನ. ಅಲ್ಲಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಅತಿಥಿ ಉಪನ್ಯಾಸಕಿಯ ಕೆಲಸ ನನಗೆ ಸಿಕ್ಕಿತ್ತು. ಐದು ದಿನದೊಳಗೆ ಬಂದು ಸೇರಿಕೊಳ್ಳಬೇಕು. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಬರುವಷ್ಟೇ ದೂರ. ಅರ್ಜಿ ಹಾಕಿದ್ದು ಗಂಡನಿಗೆ ಮಾತ್ರ ಗೊತ್ತಿತ್ತು. "ಅವ್ವ ಹೂಂ ಅಂದ್ರ ನಂದೇನಿಲ್ಲ" ಎಂದಿದ್ದ. ಮಾವನವರನ್ನು ಕೇಳಿದರೆ ಅವರೂ ಅತ್ತೆಯ ಕಡೆಗೇ ಕೈ ತೋರಿಸಿದರು.

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಆ ಫ್ರಾನ್ಸಿನಾಕಿ ಗಿರಣಿ ಮನಿ ಬಿಟ್ಟು ಹ್ವಾದಳೇನು? ಬ್ರಿಜ್ಜಿನ ತನಕ ಹೋಗಿ ಹೊಳ್ಳಿ ಬಂದ್ಳು. ನೀನಽ ಹೇಳೀದಿ."

ಬೇರೆ ಯಾರ ಮಾತಾದರೂ ಎದುರು ಹೇಳಬಹುದಿತ್ತು. ಇದು ನನ್ನದೇ ಮಾತು. ಎರಡು ದಿನ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಮೂರನೆಯ ದಿನ ಮಧ್ಯಾಹ್ನ ಪುಸ್ತಕ ತಂದು ಅವರ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ. ಅವನು ಅಣ್ಣನಲ್ಲ. ಅದು ಶರಬತ್ತಲ್ಲ. ಆಕೆ ವಾಪಸ್ ಬರಲಿಲ್ಲ, ಸೇತುವೆ ದಾಟಿ ಹೋದಳು.

ಅತ್ತೆಯ ಕೈ ನಿಂತಿತು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅಂದು ಸುಳ್ಳು ಹೇಳಿದ್ಯೋ, ಇಂದು ಹೇಳಾಕತ್ತೀದ್ಯೋ?"

"ಅಂದು ರೀ."

"ಅಂದು ಸುಳ್ಳು ಹೇಳಾಕ ನಿನಗೇನ್ ಗರಜಿತ್ತು? ಇಂದಾದ್ರ ಅದ, ನೌಕರಿ ಬೇಕಾಗ್ಯಾದ."

ಓದು ಬಾರದ ಹೆಂಗಸು ಹೀಗೆ ಹಿಡಿಯುತ್ತಾರೆಂದು ನಾನು ಎಣಿಸಿರಲಿಲ್ಲ. ಪುಟ ತೆರೆದು ಅಕ್ಷರಗಳ ಮೇಲೆ ಬೆರಳಿಟ್ಟೆ. ಅವರು ಬೆರಳು ನೋಡಿದರು, ನನ್ನ ಮುಖ ನೋಡಿದರು. ಹತ್ತಿ ಬದಿಗಿಟ್ಟು ಹೇಳಿದರು: "ಮಗ ಬರ್ಲಿ. ಅವನ ಕಡಿ ಓದಸ್ತೀನಿ. ಆಕಿ ಖರೇನಽ ದಾಟಿ ಹೋಗಿದ್ರ ನೀನೂ ಹೋಗು. ಲಿಂಗದಾಣಿ, ನಾ ಅಡ್ಡ ಬರಂಗಿಲ್ಲ."

ಅವರು ಆಣೆ ಮಾಡಿ ಮುರಿದವರಲ್ಲ. ನನಗೆ ಕುಣಿಯಬೇಕೆನಿಸಿತು. ಒಳಗೆ ಹೋಗಿ ಕಾಲೇಜಿಗೆ ಉಡಲು ಎರಡು ಕಾಟನ್ ಸೀರೆ ತೆಗೆದಿಟ್ಟೆ, ಚಪ್ಪಲಿ ಒರೆಸಿಟ್ಟೆ. ನನ್ನ ಗಂಡ ಬಿ.ಕಾಂ. ಓದಿದವನು. ಬ್ಯಾಂಕಿನ ಇಂಗ್ಲಿಷ್ ಕಾಗದ, ಹೊರಗಿನ ವ್ಯಾಪಾರಿಗಳ ಪತ್ರ ಎಲ್ಲ ಅವನೇ ನೋಡುವುದು. ಆ ಒಂದು ಪುಟ ಅವನಿಗೆ ಯಾವ ಲೆಕ್ಕ?

ಸಂಜೆ ಅವನು ಬಂದ. ಅತ್ತೆ ಪುಸ್ತಕ ಕೊಟ್ಟು, "ಯಪ್ಪಾ, ಗಿರಣಿ ಮನಿ ಹೆಣಮಗಳು ಬ್ರಿಜ್ಜು ದಾಟ್ಯಾಳೋ, ಹೊಳ್ಳಿ ಬಂದಾಳೋ, ಓದಿ ಹೇಳು" ಎಂದರು. ಆಣೆಯ ಮಾತನ್ನೂ ಹೇಳಿದರು. ಅವನು ನಿಂತೇ ಓದಿದ. ತುಟಿಗಳು ಅಲ್ಲಾಡುತ್ತಿದ್ದವು. ಪುಟದ ಕೆಳಗೆ ಆ ಸಾಲಿಗೆ ಬಂದಾಗ ಕಣ್ಣು ನಿಂತದ್ದನ್ನು ನಾನು ಕಂಡೆ. ಇನ್ನೊಮ್ಮೆ ಓದಿದ. ಪುಸ್ತಕ ಮುಚ್ಚಿ ಕಟ್ಟೆಯ ಮೇಲಿಟ್ಟ.

"ಹೊಳ್ಳಿ ಬಂದಾಳವ್ವಾ" ಎಂದ.

"ಇನ್ನೊಮ್ಮಿ ಓದ್ರಿ" ಎಂದೆ.

"ಓದೀನಲ್ಲ" ಎಂದು ಕಾಲು ತೊಳೆಯಲು ಹೋದ.

ಫೋನಿನಲ್ಲಿ ಪುಟದ ಫೋಟೋ ತೆಗೆದರೆ ಅದೇ ಕನ್ನಡ ಮಾಡಿ ಹೇಳುತ್ತದೆ ಎಂದು ಅತ್ತೆಯ ಹಿಂದೆ ಹೋದೆ. "ಹಡದ ಮಗ ಓದಿ ಹೇಳಿದಮ್ಯಾಲ ಮಿಷನ್ ಯಾಕ ಬೇ?" ಎಂದರು. ಸಿಟ್ಟಿರಲಿಲ್ಲ ಅವರಿಗೆ. ನನ್ನ ಬಗ್ಗೆ ನಾಚಿಕೆಪಟ್ಟುಕೊಂಡವರಂತೆ ಬೇರೆ ಕಡೆ ನೋಡಿದರು. ಅದು ನನಗೆ ಇವತ್ತಿಗೂ ನೋಯುತ್ತದೆ.

ಅಡುಗೆಮನೆಯಲ್ಲಿ ಗಂಡನನ್ನು ತಡೆದು ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಅವನು ಚಹಾದ ಕಪ್ಪು ತೆಗೆದುಕೊಂಡು ಮೆಲ್ಲಗೆ, ಸಮಾಧಾನ ಮಾಡುವವನ ಹಾಗೆ ಹೇಳಿದ: "ಆಕಿನ್ನ ಹೊರಳಿಸಿ ತಂದಾಕಿ ನೀನಽ. ನಾ ಮತ್ಯಾಕ ದಾಟಿಸಲಿ?"

ಐದನೆಯ ದಿನವೂ ಕಳೆಯಿತು. ದೇವದುರ್ಗಕ್ಕೆ ಬೇರೆ ಯಾರೋ ಹೋದರು.

ಮರುದಿನ ಮಧ್ಯಾಹ್ನ ಅತ್ತೆ ಕರೆದರು. "ಹೋಗ್ಲಿ ಬಿಡು, ಆಗಿದ್ದಾತು. ಹೊಳ್ಳಿ ಬಂದಮ್ಯಾಲ ಏನಾತು, ಹೇಳು." ನಾನು ಪುಸ್ತಕ ತೆರೆದೆ. ಸೇತುವೆಯ ಆಚೆ ಇನ್ನೂ ನೂರೈವತ್ತು ಪುಟಗಳಿವೆ. ಎಲ್ಲ ಬೇರೊಂದು ಊರಿನಲ್ಲಿ, ಬೇರೆ ಮನೆಯಲ್ಲಿ, ತನ್ನ ದುಡಿಮೆಯ ಮೇಲೆ ಆಕೆ ಬದುಕಿದ ಕಥೆ. ಅದರಲ್ಲಿ ಒಂದು ಸಾಲೂ ನನ್ನ ಉಪಯೋಗಕ್ಕೆ ಬರುವಂತಿಲ್ಲ. ವಾಪಸ್ ಬಂದವಳ ಬಗ್ಗೆ ಅಲ್ಲಿ ಏನೂ ಇಲ್ಲ. ಆದ್ದರಿಂದ ಹಾಳೆಯ ಮೇಲೆ ಕಣ್ಣಿಟ್ಟು, ಇಲ್ಲದ್ದನ್ನು ಹೇಳತೊಡಗಿದೆ.

ನಾಲ್ಕು ವರ್ಷವಾಯಿತು, ಇನ್ನೂ ಹೇಳುತ್ತಿದ್ದೇನೆ. ಆಕೆಗೆ ಎರಡು ಮಕ್ಕಳಾದವು. ಗಿರಣಿಗೆ ಹೊಸ ಕಲ್ಲು ಬಂತು. ಮಾವನಿಗೆ ಮಂಡಿ ನೋವು. ಕಿಟಕಿಗೆ ಪರದೆ ಹಾಕಿಸಿದರು, ಬಿಸಿಲು ಬರುತ್ತದೆಂದು.

ಮೊನ್ನೆ ಅತ್ತೆ ಬತ್ತಿ ಹೊಸೆಯುತ್ತ ಕೇಳಿದರು: "ಆಕಿ ಅಣ್ಣ ಈಗೀಗ ಯಾಕ ಬರವಲ್ಲ?"

"ಅವಗ ದೂರದೂರಿಗೆ ವರ್ಗ ಆತ್ರೀ ಅತ್ತೀ."

"ಪಾಪ" ಎಂದು ಅತ್ತೆ ಲೊಚಗುಟ್ಟಿದರು. "ಪಂಚಮಿಗರ ಬರ್ತಾನಿಲ್ಲ, ಕರಿಯಾಕ?"

"ಇಲ್ರೀ" ಎಂದು ಪುಟ ತಿರುವಿದೆ.