ಆಟದ ದೇವರಿಗೆ ಕಟ್ಟಿದ ಮುಡಿಪು

ಕೈಜಾರಿ ಬಿದ್ದ ಒಂದು ರೂಪಾಯಿಗಾಗಿ ಈಗ ಯಾರೂ ಬಗ್ಗುವುದಿಲ್ಲವೆಂಬುದನ್ನು ನೀವೂ ಗಮನಿಸಿರಬಹುದು. ಬಸ್ಸಿನಲ್ಲಿ ಅದು ಸೀಟಿನಡಿಗೆ ಉರುಳಿದರೆ ಅದರ ಒಡೆಯನು ಗಂಭೀರವಾಗಿ ಕಿಟಕಿಯಾಚೆ ನೋಡುತ್ತಾನೆ. ಅಂಗಡಿಗಳಲ್ಲಂತೂ ಅದರ ಸಿಂಹಾಸನವನ್ನು ಪೆಪ್ಪರಮಿಂಟು ಆಕ್ರಮಿಸಿ ವರ್ಷಗಳೇ ಆದವು. ನಾನೂ ಮೊಣಕಾಲಿನ ನೆಪ ಹೇಳುತ್ತಿದ್ದೆ. ಅದೇ ಮೊಣಕಾಲು ನೋಟು ಬಿದ್ದಾಗ ತಕರಾರಿಲ್ಲದೆ ಮಡಚಿಕೊಳ್ಳುತ್ತದೆಂಬುದು ನನ್ನ ಹೆಂಡತಿಯ ಸಂಶೋಧನೆ.

ಇಂಥ ನನಗೆ ನಾಣ್ಯಮಂತ್ರಗಳನ್ನು ರಚಿಸುವ ಯೋಗ ಬಂದದ್ದು ತಂಗಿಯ ಮಗಳು ಶ್ರಾವ್ಯಳಿಂದ. ಮಣಿಪಾಲದಲ್ಲಿ ಓದುತ್ತ ಪರ್ಕಳದ ಬಾಡಿಗೆ ಕೋಣೆಯಲ್ಲಿರುವ ಈಕೆ ಭಾನುವಾರ ಗೆಳತಿಯರನ್ನು ಕೂಡಿಸಿ ಒಂದು ಆಟ ಆಡಿಸುತ್ತಾಳೆ. ಮೇಜಿನ ಸುತ್ತ ಕುಳಿತ ಒಬ್ಬೊಬ್ಬರೂ ಒಂದೊಂದು ಪಾತ್ರವಾಗುವುದು, ಶ್ರಾವ್ಯ ಕತೆ ಹೇಳುವುದು, ಪಾತ್ರದ ಅಳಿವು ಉಳಿವನ್ನು ದಾಳ ನಿರ್ಧರಿಸುವುದು. ಹಿಮ್ಮೇಳವಿಲ್ಲದ ತಾಳಮದ್ದಲೆ ಎಂದುಕೊಳ್ಳಿ. ಆ ಕತೆಯ ಊರಿನಲ್ಲಿ ಮಾಯೆಯೆಲ್ಲ ನಾಣ್ಯದಿಂದಲೇ ನಡೆಯಬೇಕಂತೆ. "ಮಾವ, ನಿಮಗೆ ಸಂಸ್ಕೃತ ಬರ್ತದಲ್ಲ, ಮಂತ್ರ ಮಾಡಿ ಕೊಡಿ" ಎಂದಳು. ನಿವೃತ್ತ ಮೇಷ್ಟ್ರಿಗೆ ಇಷ್ಟು ಸಾಕು, ಉಬ್ಬಿಹೋದೆ.

ಎಸೆದ ನಾಣ್ಯದ ಝಣತ್ಕಾರಕ್ಕೆ ರಾಕ್ಷಸರು ಯುದ್ಧ ಮರೆತು ತಂತಮ್ಮ ಜೇಬು ತಡವಿಕೊಳ್ಳುವ ಮಂತ್ರವೊಂದು, ಸವೆದ ನಾಣ್ಯವನ್ನು ಹಣೆಗೊತ್ತಿದರೆ ಮುಖವೂ ಸವೆದು ಗುರುತು ಸಿಗದಂತಾಗುವ ಮಂತ್ರ ಇನ್ನೊಂದು. ಮೂರನೆಯದಕ್ಕೆ ಬುದ್ಧಿ ಓಡದೆ ಮನೆಯದನ್ನೇ ಕದ್ದೆ. ಕಾಯಿಲೆ ಕಸಾಲೆಯಾದಾಗ ಕೈಕಾಲು ತೊಳೆದು, ದೇವರನ್ನು ನೆನೆದು, ನಾಣ್ಯವೊಂದನ್ನು ಬಟ್ಟೆಯಲ್ಲಿ ಮುಡಿಪು ಕಟ್ಟಿಡುತ್ತೇವಲ್ಲ, ಅದು. ಗಂಟು ಇರುವತನಕ ಸಾವಿಲ್ಲವೆಂದು ನಿಯಮ ಬರೆದೆ.

ಪರೀಕ್ಷಾರ್ಥವಾಗಿ ನನ್ನನ್ನೂ ಆಟಕ್ಕೆ ಕೂರಿಸಿದರು. ಕಲ್ಯಾಣಪುರದ ಲವೀನಾ ಎಂಬ ಹುಡುಗಿಯ ಪಾತ್ರವಾದ ಮುದಿ ವೈದ್ಯೆಗೆ ಹಾವು ಕಚ್ಚಿತು, ದಾಳವೂ ಕೈಕೊಟ್ಟಿತು. ಮುಡಿಪು ಕಟ್ಟುತ್ತೇನೆಂದು ಬಾಯಲ್ಲಿ ಹೇಳಿದ್ದರೆ ಸಾಕಿತ್ತು. ಅಭ್ಯಾಸಬಲ ನೋಡಿ, ಎದ್ದು ಹೋಗಿ ಕೈಕಾಲು ತೊಳೆದು ಬಂದು, ಜೇಬಿನ ನಿಜವಾದ ರೂಪಾಯಿಯನ್ನೇ ಕರವಸ್ತ್ರದ ತುದಿಗೆ ಕಟ್ಟಿ ಕಣ್ಣು ಮುಚ್ಚಿದೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಲವೀನಾ ನಗಲಿಲ್ಲ. ಆಟ ಮುಗಿದು ನಾನು ಗಂಟಿಗೆ ಕೈಹಾಕಿದಾಗ ಮೆಲ್ಲಗೆ ಹೇಳಿದಳು: "ಅಂಕಲ್, ಅದನ್ನು ಬಿಚ್ಚಬೇಡಿ ಆಯ್ತಾ. ನಾಳೆ ಅಮ್ಮನ ರಿಪೋರ್ಟ್ ಉಂಟು, ಗಡ್ಡೆ ಎಂತದು ಅಂತ ಗೊತ್ತಾಗ್ತದೆ. ನಮ್ಮ ಚರ್ಚಲ್ಲೂ ಹರಕೆ ಹೇಳ್ತೇವೆ. ನನಗೆ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ."

ಕರವಸ್ತ್ರವನ್ನು ಹಾಗೆಯೇ ಉಡುಪಿಯ ಅಂಬಲಪಾಡಿಯ ಮನೆಗೆ ತಂದು ದೇವರ ಗೂಡಿನಲ್ಲಿಟ್ಟೆ. "ಯಾವ ದೇವರಿಗೆ ಹೇಳಿದ್ದು?" ಎಂದು ಹೆಂಡತಿ ಕೇಳಿದಾಗಲೇ ಆದ ಎಡವಟ್ಟು ನನಗೆ ಹೊಳೆದದ್ದು. ಕಣ್ಣು ಮುಚ್ಚಿ ನಾನು ನೆನೆದದ್ದು ಶ್ರಾವ್ಯಳ ಕತೆಯ ದೇವರನ್ನು, ಸಾಕ್ಷಾತ್ ಝಣಝಣೇಶ್ವರನನ್ನು. ಬಿಚ್ಚಿ ಮತ್ತೆ ಕಟ್ಟೋಣವೆಂದರೆ ಹುಡುಗಿ ಬಿಚ್ಚಬೇಡಿ ಎಂದಿದ್ದಾಳೆ. ಮರುದಿನವೆಲ್ಲ ಗೂಡಿನ ಮುಂದೆ ಸುಳಿದಾಡುತ್ತ, ಅಲ್ಲಿದ್ದ ಅಷ್ಟೂ ದೇವರುಗಳಿಗೆ ದಯವಿಟ್ಟು ಅವನಿಗೊಂದು ಮಾತು ತಲುಪಿಸಿ ಎಂದು ಬೇಡಿಕೊಂಡೆ.

ಸಂಜೆ ಫೋನು ಬಂತು. ಗಡ್ಡೆ ಕೆಟ್ಟದ್ದಲ್ಲವಂತೆ. ಲವೀನಾ ಅಳುತ್ತಿದ್ದಳು, ನಾನೂ ಅತ್ತೆ.

ಫಲಿಸಿದ ಹರಕೆಯನ್ನು ಒಪ್ಪಿಸಬೇಕಲ್ಲ. ಝಣಝಣೇಶ್ವರನಿಗೆ ಗುಡಿಯಿಲ್ಲ, ಹುಂಡಿಯಿಲ್ಲ. ಮುಂದಿನ ಭಾನುವಾರ ನಾನು ಒಯ್ದ ಗಂಟನ್ನು ಲವೀನಾ ಮೇಜಿನ ಮೇಲೆ ಬಿಚ್ಚಿದಳು. ಆ ದೇವರು ಕಳೆದುಹೋದ ನಾಣ್ಯಗಳಲ್ಲಿ ವಾಸಿಸುತ್ತಾನೆ, ಆದ್ದರಿಂದ ಕಳೆದುಬಿಡುವುದೇ ಕಾಣಿಕೆ ಎಂದು ಶ್ರಾವ್ಯ ತೀರ್ಪು ಕೊಟ್ಟಳು.

ಹಾಗಾಗಿ ಉಡುಪಿಗೆ ಮರಳುವ ಬಸ್ಸಿನಲ್ಲಿ ನಾನು ರೂಪಾಯಿಯನ್ನು ಬೇಕೆಂದೇ ಕೈಜಾರಿಸಿ ಕಿಟಕಿಯಾಚೆ ನೋಡಿದೆ. ಯಾರಾದರೂ ಬಗ್ಗಲಿ ಎಂದು ಅಷ್ಟೊಂದು ಆಸೆಪಟ್ಟದ್ದು ಅದೇ ಮೊದಲು. ಇಂದ್ರಾಳಿ ದಾಟುವಾಗ ಹಿಂದಿನ ಸೀಟಿನ ಹೆಂಗಸು ಕಷ್ಟಪಟ್ಟು ಬಗ್ಗಿ ಹೆಕ್ಕಿ, "ನಿಮ್ಮದಾ?" ಎಂದು ಕೇಳಿದರು. ಅಲ್ಲ ಎಂದೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಪರ್ಸಿನೊಳಗಿಟ್ಟರು.