ಸುಣ್ಣಕಲ್ಲಿನ ತೂತುಗಳು

ಹೆಂಡತಿ ತೊಡೆಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ಡಾಕ್ಟರ ಮುಂದೆ "ಆಹಾ, ಎಷ್ಟು ಚೆನ್ನಾಗಿದೆ!" ಎಂದು ಉದ್ಗರಿಸಿದ ಗಂಡ ಇಡೀ ಮೈಸೂರು ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಆದದ್ದು ಇಷ್ಟು. ಸುಶೀಲ ತನ್ನ ತಂಗಿಯನ್ನು ನೋಡಲು ತಿ. ನರಸೀಪುರಕ್ಕೆ ಹೋಗಿದ್ದಳು. ಹಿತ್ತಲಿನ ಒದ್ದೆ ಹಾಸುಗಲ್ಲಿನ ಮೇಲೆ ಕಾಲು ಜಾರಿತು. ಮೈಸೂರಿನಲ್ಲಿ ಆಪರೇಷನ್ ಆಗಿ ಸರಳು ಹಾಕಿದರು. ಮರುದಿನ ಡಾಕ್ಟರು ಪ್ಲಾಸ್ಟಿಕ್ಕಿನ ಮೂಳೆಯ ಮಾದರಿಯೊಂದನ್ನು ಹಿಡಿದುಕೊಂಡು ವಾರ್ಡಿಗೆ ಬಂದರು. "ನೋಡಿ, ಅಮ್ಮನ ಮೂಳೆ ಹೀಗೆ ಜಾಳುಜಾಳಾಗಿದೆ" ಎಂದು ಅದರ ಅಡ್ಡಸೀಳನ್ನು ನನ್ನ ಕಣ್ಣಿಗೆ ಹಿಡಿದರು. ದುಂಡು ದುಂಡಾದ ತೂತುಗಳು, ಒಂದಕ್ಕೊಂದು ಸೇರಿಕೊಂಡವು. ನನ್ನ ಬಾಯಿಂದ ಆ ಮಾತು ಬಂದೇಬಿಟ್ಟಿತು. ಡಾಕ್ಟರು ನನ್ನನ್ನು ಒಂಥರಾ ನೋಡಿದರು. ಸುಶೀಲ ನೋವಿನಲ್ಲೂ ಕಿಸಕ್ಕನೆ ನಕ್ಕಳು. "ಅವರು ಹಾಗೇ ಡಾಕ್ಟ್ರೇ, ಏನೂ ತಿಳ್ಕೋಬೇಡಿ" ಎಂದಳು.

ನನ್ನ ಕಸುಬು ಅಂಥದು. ನಾನು ಭೂವಿಜ್ಞಾನಿ. ಮುಂಬಯಿಯ ಆಚೆ, ಕಡಲಿನ ನಡುವೆ ಕಬ್ಬಿಣದ ಕಾಲುಗಳ ಮೇಲೆ ನಿಂತ ಅಟ್ಟದ ಮೇಲೆ ಎಣ್ಣೆಬಾವಿ ಕೊರೆಯುವಾಗ ಮೇಲೆ ಬರುವ ಕಲ್ಲುಪುಡಿಯನ್ನು ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸವಾಗಿತ್ತು. ಬಹುಪಾಲು ಸುಣ್ಣಕಲ್ಲು. ಅದರಲ್ಲಿ ತೂತು ಕಂಡರೆ ನಮಗೆ ಹಬ್ಬ. ಗಟ್ಟಿಕಲ್ಲು ಬಂದರೆ ಆ ದಿನ ಊಟವೂ ಸಪ್ಪೆ. ಹೀಗೆ ಜೀವಮಾನವೆಲ್ಲ ತೂತನ್ನೇ ಹೊಗಳಿಕೊಂಡು ಬಂದವನಿಗೆ, ಹೆಂಡತಿಯ ಮೈಯೊಳಗಿನ ತೂತು ಕೆಟ್ಟದ್ದು ಎಂದು ಹೊಳೆಯಲು ಒಂದು ಗಳಿಗೆ ಹಿಡಿಯಿತು. ಹೊಳೆದ ಮೇಲೆ ಆ ಮಾದರಿಯ ಕಡೆ ಮತ್ತೆ ನೋಡಲಿಲ್ಲ.

ನಂಜನಗೂಡಿನ ಮನೆಗೆ ಬಂದೆವು. ವಾಕರ್ ಹಿಡಿದು ದಿನಾ ನಡೆಯಬೇಕು, ಇಲ್ಲದಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ವ್ಯಾಯಾಮ ಮಾಡಿಸುವ ಹುಡುಗಿ ಬರುತ್ತಿದ್ದಳು. ಸುಶೀಲ ಮಂಚದ ಅಂಚಿಗೆ ಬಂದು ಕೂರುವಳು, ಪಾದ ನೆಲಕ್ಕೆ ತಾಗುತ್ತಲೇ ಮುಖ ಬಿಳುಚಿಕೊಳ್ಳುವುದು. "ನಾಳೆ ನೋಡೋಣಮ್ಮ" ಎನ್ನುವಳು. ಬದನವಾಳಿನ ಶಾಲೆಯಲ್ಲಿ ಗಣಿತದ ಟೀಚರಾಗಿದ್ದು ಮಕ್ಕಳಿಗೆ ಎಂದೂ ನಾಳೆ ಎನ್ನಲು ಬಿಡದವಳು! ನಾನು ಗದರಿಸಲಾರೆ, ಸುಮ್ಮನಿರಲಾರೆ. ಅಡುಗೆಮನೆಗೆ ಹೋಗಿ ತಿಳಿಸಾರು ಮಾಡುತ್ತಿದ್ದೆ. ಅದು ಇನ್ನಷ್ಟು ತಿಳಿಯಾಗುತ್ತಿತ್ತು.

ಒಂದು ಮಧ್ಯಾಹ್ನ ಅವಳೇ ಕೇಳಿದಳು: "ರೀ, ಅವತ್ತು ಡಾಕ್ಟರ ಮುಂದೆ ಅದೇನು ಚೆನ್ನಾಗಿ ಕಾಣಿಸ್ತು ನಿಮಗೆ?"

ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಕಲ್ಲಿನ ಬಗ್ಗೆ ಅವಳು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅದೊಂದು ಕೊರತೆ ಎಂದು ಇಬ್ಬರಿಗೂ ಅನ್ನಿಸಿರಲಿಲ್ಲ. ಕೇಳಿದಳಲ್ಲ, ನಾನು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಶುರುಮಾಡಿದೆ. ಬೆಚ್ಚಗಿನ, ಆಳವಿಲ್ಲದ ಕಡಲು. ಅದರಲ್ಲಿ ಎಳ್ಳಿನಷ್ಟು, ಸಾಸಿವೆಯಷ್ಟು ಜೀವಿಗಳು. ನೀರಿನೊಳಗಿನ ಸುಣ್ಣವನ್ನೇ ತೆಗೆದು ಚಿಪ್ಪು ಕಟ್ಟಿಕೊಂಡು ಬದುಕಿ, ಸತ್ತು, ತಳಕ್ಕೆ ಇಳಿದವು. ಪದರದ ಮೇಲೆ ಪದರ ಬಿದ್ದು ಕಲ್ಲಾಯಿತು. ಎಲೆಗೆ ಸವರುವ ಸುಣ್ಣ, ಹಳೇ ಗೋಡೆಯ ಗಾರೆ, ಕೋಳಿಮೊಟ್ಟೆಯ ಓಡು ಎಲ್ಲ ಅದೇ ವಂಶ. ಮೂಳೆ ದಾಯಾದಿ. ಆಮೇಲೆ ನೀರು ಆ ಕಲ್ಲನ್ನು ಅಲ್ಲಲ್ಲಿ ಕರಗಿಸಿತು, ತೂತಾಯಿತು.

"ಎಣ್ಣೆ ಕೆಳಗೆ ಕೆರೆ ಥರಾ ಇರಲ್ವಾ?"

"ಇಲ್ಲ ಕಣೆ. ಇಡ್ಲಿ ಸಾಂಬಾರು ಕುಡಿದ ಹಾಗೆ ಕಲ್ಲು ಕುಡಿದಿರತ್ತೆ."

"ಇಡ್ಲಿಗೆ ಸಾಂಬಾರು ನಾವು ಹಾಕ್ತೀವಿ. ಕಲ್ಲಿಗೆ ಯಾರು ಹಾಕಿದ್ರು?"

ಟೀಚರ ಪ್ರಶ್ನೆ! ಇನ್ನೂ ಆಳದಲ್ಲಿ, ಕೊಳೆತ ಜೀವಿಗಳು ಹೂತುಹೋದ ಕೆಸರು ಕಾವಿಗೆ ಬೆಂದು ಎಣ್ಣೆಯಾಗುತ್ತದೆ, ಹಗುರಾದ್ದರಿಂದ ಮೇಲೇರುತ್ತದೆ, ತೂತಿನ ಕಲ್ಲು ಸಿಕ್ಕರೆ ಒಳಗೆ ಸೇರಿಕೊಳ್ಳುತ್ತದೆ, ಮೇಲೊಂದು ಗಟ್ಟಿ ಮುಚ್ಚಳದ ಪದರವಿದ್ದರೆ ಮಾತ್ರ ಅಲ್ಲೇ ನಿಲ್ಲುತ್ತದೆ ಎಂದೆ. ನಿವೃತ್ತಿಯ ದಿನ ಜೊತೆಗಾರರು ಕೊಟ್ಟಿದ್ದ ಸುಣ್ಣಕಲ್ಲಿನ ತುಂಡನ್ನು ಹಜಾರದ ಶೆಲ್ಫಿನಿಂದ ತಂದು ಒಂದು ತೊಟ್ಟು ನೀರು ಬಿಟ್ಟೆ. ಕಲ್ಲು ಕುಡಿಯಿತು. "ತೂತು ಇದ್ದರಷ್ಟೇ ಸಾಲದು ಸುಶೀಲ, ತೂತಿಗೆ ತೂತು ಸೇರಿರಬೇಕು. ಇಲ್ಲದಿದ್ದರೆ ಒಳಗೆ ಎಷ್ಟಿದ್ದರೂ ಈಚೆಗೆ ಬರೋದಿಲ್ಲ."

ಅವಳು ಕಲ್ಲನ್ನು ಬಹಳ ಹೊತ್ತು ಸವರಿದಳು. ಅಂದಿನಿಂದ ಊಟದ ನಂತರ ಅದೇ ನಮ್ಮ ಪಾಠ. ಕತ್ತಲೆ ಕೋಣೆಯಲ್ಲಿ ವಿಶೇಷ ದೀಪದ ಕೆಳಗೆ ಎಣ್ಣೆ ಹೀರಿದ ಕಲ್ಲು ಹೊನ್ನಿನ ಬಣ್ಣಕ್ಕೆ ಮಿನುಗುವುದನ್ನು ಹೇಳಿದಾಗ, "ಒಂದ್ಸಲ ನೋಡ್ಬೇಕಿತ್ತು" ಎಂದಳು. ಆದರೆ ನಡಿಗೆ ಮಾತ್ರ ನಾಳೆಗೇ ನಿಂತಿತ್ತು.

ಹೀಗಿರುವಾಗ ಕವಲಂದೆಯಿಂದ ಅವಳ ದೊಡ್ಡಪ್ಪನ ಮಗ ಪುಟ್ಟಸ್ವಾಮಣ್ಣ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದ. "ಎಂಗಿದ್ದೀಯವ್ವ?" ಎಂದು ವಿಚಾರಿಸಿಕೊಂಡು ನನ್ನ ಕಡೆ ತಿರುಗಿದ. "ಭಾವ, ಪೆಟ್ರೋಲ್ ಬಂಕ್ ಕೆಲ್ಸಕ್ಕೆ ಈಗ ಓಗಾಕಿಲ್ವಾ?"

ಸುಶೀಲಳ ಕಡೆಯವರೆಲ್ಲ ಮದುವೆಯಾದಾಗಿನಿಂದ ನನ್ನನ್ನು ಬಂಕಿನವನೆಂದೇ ತಿಳಿದಿದ್ದಾರೆ. "ಇಲ್ಲಣ್ಣ, ರಿಟೈರಾದೆ" ಎಂದು ಕಾಫಿ ಮಾಡಲು ಒಳಗೆ ಹೋದೆ. ಹಿಂದಿನಿಂದ ಸುಶೀಲಳ ದನಿ ಏರಿತು.

"ಅಣ್ಣಾ, ಅವರು ಬಂಕಲ್ಲಿರಲಿಲ್ಲ! ಕಲ್ಲಲ್ಲಿ ಎಣ್ಣೆ ಎಲ್ಲಿದೆ ಅಂತ ಹುಡುಕ್ತಿದ್ರು."

"ಕಲ್ಲಲ್ ಎಣ್ಣೆಯಾ? ಸುಮ್ಕಿರವ್ವ. ಅಂಗಾದ್ರೆ ನಮ್ ಗಾಣಕ್ಕೆ ಕಡ್ಲೇಕಾಯಿ ಯಾಕ್ ಆಕ್ತಿದ್ವು?"

"ನಗಬೇಡ. ತೋರಿಸ್ತೀನಿ ಇರು."

ಕಾಫಿ ಲೋಟ ಹಿಡಿದು ಬಂದರೆ ಮಂಚ ಖಾಲಿ. ಅವಳು ಹಜಾರದ ಶೆಲ್ಫಿನ ಹತ್ತಿರ, ವಾಕರಿನ ಮೇಲೆ ಒಂದು ಕೈಯೂರಿ ನಿಂತಿದ್ದಾಳೆ. ಇನ್ನೊಂದು ಕೈ ಕಲ್ಲಿನ ಮೇಲೆ ನೀರು ತೊಟ್ಟಿಕ್ಕಿಸುತ್ತಿದೆ. ನಾನು ಬಾಗಿಲಲ್ಲೇ ನಿಂತೆ. ಬಾಯಿ ಬಿಟ್ಟರೆ ತಾನು ನಡೆದಿರುವುದು ಅವಳಿಗೆ ನೆನಪಾದೀತು, ನೆನಪಾದರೆ ಬಿದ್ದಾಳು ಎಂದು ಉಸಿರೂ ಬಿಡಲಿಲ್ಲ. ಕಾಫಿ ಬೆರಳು ಸುಡುತ್ತಿತ್ತು.

"ಅಲಲಲೆ! ಕುಡ್ಕಬುಡ್ತಲ್ಲವ್ವ!" ಪುಟ್ಟಸ್ವಾಮಣ್ಣ ಕಲ್ಲನ್ನು ಮುಟ್ಟಿ ಮುಟ್ಟಿ ನೋಡಿದ.

"ಮತ್ತೆ!" ಎಂದು ತಿರುಗಿದವಳಿಗೆ ನನ್ನ ಮುಖ ಕಂಡಿತು. ಆಗ ತನ್ನ ಕಾಲನ್ನು ನೋಡಿಕೊಂಡಳು. ಮುಖ ಬಿಳುಚಿಕೊಂಡಿತು. ನಾನು ಕುರ್ಚಿಗೆ ಕೈ ಹಾಕಿದೆ. ಅವಳು ತಲೆಯಾಡಿಸಿ ಬೇಡವೆಂದಳು. "ಅಣ್ಣನಿಗೆ ಕಾಫಿ ಕೊಡಿ, ಆರಿಹೋಗತ್ತೆ" ಎಂದು, ಒಂದೊಂದೇ ಹೆಜ್ಜೆ ಊರಿಕೊಂಡು ಮಂಚಕ್ಕೆ ತಾನೇ ಹೋದಳು. ನಾನು ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಮುಖ ತೊಳೆದೆ, ಎರಡು ಸಲ.

ಮೂಳೆ ಮೊದಲಿನಂತಾಗುವುದಿಲ್ಲ, ಇನ್ನಷ್ಟು ಸವೆಯದಂತೆ ನೋಡಿಕೊಳ್ಳಬಹುದು ಎಂದಿದ್ದಾರೆ ಡಾಕ್ಟರು. ಮಾತ್ರೆ, ರಾಗಿ, ಬಿಸಿಲು ನಡೆದಿವೆ. ಈಗ ಕೋಲು ಹಿಡಿದು ಸಂಜೆ ಬೀದಿಯ ಕೊನೆವರೆಗೆ ಬರುತ್ತಾಳೆ. ಮೊದಲೆಲ್ಲ ನಾನು ಮುಂದೆ ಹೋಗಿ ತಿರುವಿನಲ್ಲಿ ಕಾಯುತ್ತಿದ್ದೆ. ಈಗ ಅವಳ ನಡಿಗೆಯೇ ನನ್ನ ನಡಿಗೆ.

ಮೊನ್ನೆ ಬೀದಿಯ ಕೊನೆಯಿಂದ ಹಿಂದಿರುಗುವಾಗ ನಾನೇ ಕೇಳಿದೆ, "ನಿನ್ನ ಕೆಲಸದಲ್ಲಿ ಯಾವುದು ಕಷ್ಟ ಇತ್ತು?"

ಅವಳು ನಿಂತು ಯೋಚಿಸಿದಳು. "ಭಾಗಾಕಾರ. ಶೇಷ ಉಳಿದ್ರೆ ಮಕ್ಕಳು ತಪ್ಪಾಯ್ತು ಅಂತ ಅಳ್ತಿದ್ವು. ಉಳಿಯೋದು ತಪ್ಪಲ್ಲ ಕಣ್ರೋ, ಅದೂ ಉತ್ತರದಲ್ಲಿ ಸೇರಿದ್ದೇ, ಪಕ್ಕದಲ್ಲಿ ಬರ್ಕೊಳ್ಳಿ ಅಂತಿದ್ದೆ."

ಆಮೇಲೆ ಒಬ್ಬೊಬ್ಬ ಹುಡುಗನ ಕಥೆಯನ್ನೂ ಹೇಳುತ್ತಾ ಹೋದಳು. ಮನೆಯ ಗೇಟು ಬಂತು, ಹೋಯಿತು. ನಾನು ಹೇಳಲಿಲ್ಲ.